ಹಂಪೆಯ ಯಾತ್ರೆಯೂ ಒಂದು ಕಾರ್ಡಿನ ಲೆಕ್ಕವೂ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಸುತ್ತುವುದಕ್ಕೆ ಬೇಕಾದ ಹಣ ಎಲ್ಲಿಂದ ಬರಬೇಕೆಂಬುದನ್ನು ಮಾತ್ರ ಅವರು ಹೇಳದೆ ಬಿಟ್ಟರು. ಆ ಕೊರತೆಯನ್ನು ತುಂಬಿಕೊಡುವೆವೆಂದು ಈ ಕಾಲದ ಬ್ಯಾಂಕುಗಳು ಮುಂದೆ ಬಂದಿವೆ. "ನಮ್ಮ ಕಾರ್ಡಿನಿಂದ ಅಕ್ಕಿ ಬೇಳೆ ಕೊಳ್ಳಿರಿ, ಕೊಂಡಷ್ಟಕ್ಕೂ ಪಾಯಿಂಟು ಕೊಡುತ್ತೇವೆ, ಪಾಯಿಂಟು ಕೂಡಿದ ಮೇಲೆ ಪುಕ್ಕಟೆಯಾಗಿ ಪ್ರಯಾಣ ಮಾಡಿರಿ" ಎಂಬುದು ಅವರ ಮಾತು. ಈ ಮಾತಿನಲ್ಲಿ ನಿಜವೆಷ್ಟು, ಬೂಟಾಟಿಕೆಯೆಷ್ಟು ಎಂಬುದನ್ನು ನಾವು ಒಮ್ಮೆ ಕೆಟ್ಟು, ಒಮ್ಮೆ ಎಚ್ಚತ್ತು ಕಲಿತೆವು. ಕಲಿತ ಪಾಠ ಮುಗಿದುದು ಹಂಪೆಯಲ್ಲಿ. ಆದುದರಿಂದ ಹಂಪೆಯ ವರ್ಣನೆಯನ್ನೂ ಕಾರ್ಡಿನ ಲೆಕ್ಕವನ್ನೂ ಒಂದೇ ಲೇಖನದಲ್ಲಿ ಹೆಣೆದು ಕೊಡುತ್ತಿರುವುದಕ್ಕೆ ವಾಚಕರು ಕ್ಷಮಿಸಬೇಕು.

ನಮ್ಮ ಮನೆಯಲ್ಲಿ ನಮ್ಮ ಸೋದರತ್ತೆಯವರು ಇದ್ದಾರೆ. ಎಪ್ಪತ್ತನ್ನು ದಾಟಿದ ವಯಸ್ಸು. ಅವರ ಯಜಮಾನರು ಬಹುಕಾಲ ಮಂಡಿಯೊಂದರಲ್ಲಿ ಗುಮಾಸ್ತೆಯಾಗಿದ್ದವರು. ಆ ಸಹವಾಸದಿಂದ ಅತ್ತೆಗೂ ಲೆಕ್ಕ ಬರೆಯುವ ಅಭ್ಯಾಸ. ಇಂದಿಗೂ ರಾತ್ರಿ ದೀಪ ಆರಿಸುವ ಮೊದಲು ಆ ದಿನದ ಹಾಲು ತರಕಾರಿಗಳ ಲೆಕ್ಕವನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯದೆ ಮಲಗುವವರಲ್ಲ. ಅವರಿಗೆ ಒಂದೇ ಆಸೆ: ಕಣ್ಣು ಚೆನ್ನಾಗಿರುವಾಗಲೇ ಹಂಪೆಯ ವಿರೂಪಾಕ್ಷನನ್ನು ನೋಡಬೇಕು, ಪುರಂದರದಾಸರು ಕುಳಿತಿದ್ದರೆಂದು ಹೇಳುವ ಮಂಟಪದಲ್ಲಿ ಒಂದು ಗಳಿಗೆ ಕುಳಿತು ಬರಬೇಕು.

ಈ ಯಾತ್ರೆಗೆಂದು ನಾವು ತಿಂಗಳಿಗಿಷ್ಟೆಂದು ಹಣ ಕೂಡಿಡುತ್ತಿದ್ದೆವು. ಅದೇ ಸಮಯದಲ್ಲಿ, ಈಗ್ಗೆ ಮೂರು ವರ್ಷಗಳ ಕೆಳಗೆ, ಒಂದು ದೊಡ್ಡ ಅಂಗಡಿಯ ಬಾಗಿಲಲ್ಲಿ ಮೇಜು ಹಾಕಿಕೊಂಡು ನಿಂತಿದ್ದ ತರುಣನೊಬ್ಬನು ನಮ್ಮನ್ನು ಕರೆದು ಕುಳ್ಳಿರಿಸಿ, ವಿಮಾನಪ್ರಯಾಣದ ಪಾಯಿಂಟು ಕೊಡುವ ಕಾರ್ಡೊಂದನ್ನು ಒಪ್ಪಿಸಿದನು. ಅದರ ವಾರ್ಷಿಕ ಶುಲ್ಕ ೨,೫೦೦ ರೂಪಾಯಿ. ಶೇಕಡಾ ೧೮ರ ಜಿ.ಎಸ್.ಟಿ. ಸೇರಿ ೨,೯೫೦. ವಿಮಾನನಿಲ್ದಾಣದ ವಿಶ್ರಾಂತಿಗೃಹಕ್ಕೆ ಪ್ರವೇಶ, ಊಟ, ಮೆತ್ತನೆಯ ಕುರ್ಚಿ ಎಂದೆಲ್ಲ ಅವನು ಬಣ್ಣಿಸಿದಾಗ, ನಾವು ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೇವೆಂಬ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಸೊನ್ನೆಯೆಂದು ತಿಳಿಯುತ್ತಿತ್ತು.

ಆ ಮಳೆಗಾಲದಲ್ಲಿ ಮನೆಯ ತಾರಸಿ ಸೋರಿತು. ರಿಪೇರಿಯ ಸಾಮಾನುಗಳನ್ನು ಕಾರ್ಡಿನಿಂದಲೇ ಕೊಂಡೆವು. ಪಾಯಿಂಟು ಬರುವುದಲ್ಲವೆ ಎಂಬ ಹಿಗ್ಗು ಬೇರೆ. ೨೦,೦೦೦ ರೂಪಾಯಿ ಬಾಕಿ ನಿಂತಿತು. ಬಿಲ್ಲಿನಲ್ಲಿ ಎರಡು ಮೊತ್ತಗಳು ಅಚ್ಚಾಗಿದ್ದವು: ಒಟ್ಟು ಬಾಕಿ ೨೦,೦೦೦, ಕಟ್ಟಬೇಕಾದ ಕನಿಷ್ಠ ಮೊತ್ತ ೧,೦೦೦. ಸಾವಿರ ಕಟ್ಟಿದರೆ ಸಾಕೆಂದು ಬ್ಯಾಂಕೇ ಹೇಳುತ್ತಿರುವಾಗ ನಮಗೇಕೆ ಅವಸರವೆಂದು ಸಾವಿರವನ್ನೇ ಕಟ್ಟಿ ಸುಮ್ಮನಾದೆವು. ಈ 'ಕನಿಷ್ಠ'ವೆಂಬ ಶಬ್ದದಷ್ಟು ಮೃದುವಾಗಿ ಮನೆಯೊಳಕ್ಕೆ ನುಗ್ಗುವ ಕಳ್ಳನು ಇನ್ನೊಬ್ಬನಿಲ್ಲ. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ. ಎಂದರೆ ಇಪ್ಪತ್ತು ಸಾವಿರಕ್ಕೆ ೭೦೦. ಆ ಬಡ್ಡಿಯ ಮೇಲೆ ಜಿ.ಎಸ್.ಟಿ. ೧೨೬. ಎರಡೂ ಸೇರಿ ೮೨೬. ನಾವು ಕೊಟ್ಟ ಸಾವಿರದಲ್ಲಿ ಅಸಲಿಗೆ ಸಂದುದು ೧೭೪ ರೂಪಾಯಿ ಮಾತ್ರ! ಆರು ತಿಂಗಳಲ್ಲಿ ಆರು ಸಾವಿರಕ್ಕೆ ಸಮೀಪವಾಗಿ ಕಟ್ಟಿದ್ದರೂ ಬಾಕಿ ಇಳಿದಿದ್ದುದು ಸುಮಾರು ಒಂದು ಸಾವಿರ. ಅದೂ ಅಲ್ಲದೆ, ಹಳೆಯ ಬಾಕಿ ಪೂರ್ತಿ ತೀರದಿದ್ದರೆ ಹೊಸದಾಗಿ ಕೊಳ್ಳುವ ಪದಾರ್ಥಕ್ಕೂ ಬಡ್ಡಿಯಿಲ್ಲದ ಗಡುವು ತಪ್ಪಿಹೋಗಿ, ಕೊಂಡ ದಿನದಿಂದಲೇ ಬಡ್ಡಿ ಏರತೊಡಗುತ್ತದೆ.

ಕೊನೆಗೆ ಒಂದು ದಿನ ಎಲ್ಲವನ್ನೂ ಕೂಡಿಸಿ ಕಳೆದು ನೋಡಿದಾಗ ಎದೆ ಧಸಕ್ಕೆಂದಿತು. ಬೇರೆ ದಾರಿ ಕಾಣದೆ ಅತ್ತೆಯ ಯಾತ್ರೆಗೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ತೆಗೆದು ಆ ಬಾಕಿಗೆ ತುಂಬಿದೆವು. ಕಾರ್ಡನ್ನು ಮುಚ್ಚಬೇಕೆಂದು ಬರೆದು ಕೊಟ್ಟೆವು. ಬಾಕಿಯಿಲ್ಲದ ಕಾರ್ಡನ್ನು ಕೇಳಿದ ಏಳು ಕೆಲಸದ ದಿನಗಳೊಳಗಾಗಿ ಮುಚ್ಚಬೇಕು, ತಡಮಾಡಿದರೆ ದಿನಕ್ಕೆ ೫೦೦ ರೂಪಾಯಿನಂತೆ ಗ್ರಾಹಕನಿಗೆ ದಂಡ ತೆರಬೇಕು ಎಂದು ರಿಸರ್ವ್ ಬ್ಯಾಂಕು ೨೦೨೨ರಲ್ಲಿ ವಿಧಿಸಿರುವುದು ಆಗ ನಮಗೆ ಸಹಾಯವಾಯಿತು. ಆದರೆ ಯಾತ್ರೆ ನಿಂತಿತು. ಅತ್ತೆಗೆ ಹೇಗೆ ಹೇಳುವುದೆಂದು ನಾವು ಎರಡು ದಿನ ಅಳುಕಿದೆವು. ಹೇಳಿದಾಗ ಅವರು ಬೈಯಲಿಲ್ಲ. "ಹಂಪೆ ಎಲ್ಲಿಗೂ ಓಡಿಹೋಗುವುದಿಲ್ಲ ಮಗು, ಅದು ಕಲ್ಲಿನದು. ನನ್ನ ಕಾಲು ಮಾತ್ರ ಕಲ್ಲಿನದಲ್ಲ, ಅಷ್ಟೇ" ಎಂದು ಹೇಳಿ ಒಳಕ್ಕೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಎರಡನೆಯ ಸಲ ಕಾರ್ಡನ್ನು ಆರಿಸುವಾಗ ನಾವು ಅಂಗಡಿಯ ಬಾಗಿಲಲ್ಲಿ ಕುಳಿತು ಆರಿಸಲಿಲ್ಲ; ಮನೆಯ ಮೇಜಿನ ಮುಂದೆ, ಅತ್ತೆಯ ಲೆಕ್ಕದ ಪುಸ್ತಕವನ್ನು ತೆರೆದಿಟ್ಟುಕೊಂಡು ಆರಿಸಿದೆವು. ಆ ಪುಸ್ತಕದಿಂದ ನಮಗೆ ಮೊದಲು ತಿಳಿದುದೇನೆಂದರೆ, ನಾವು ಪ್ರಯಾಣ ಮಾಡುವುದೆಲ್ಲ ರೈಲಿನಲ್ಲಿ ಎಂಬುದು. ಹಾಗಿದ್ದ ಮೇಲೆ ವಿಮಾನದ ಪಾಯಿಂಟು ನಮಗೇತಕ್ಕೆ? ರೈಲ್ವೆ ಟಿಕೀಟಿಗೆ ಪಾಯಿಂಟು ಕೊಡುವ, ಆ ಪಾಯಿಂಟಿನಿಂದ ಮತ್ತೆ ಟಿಕೀಟನ್ನೇ ಕೊಳ್ಳಬಹುದಾದ ಕಾರ್ಡುಗಳೂ ಉಂಟು. ಮಕ್ಕಳು ಪರದೇಶದಲ್ಲಿದ್ದು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಬರುವವರ ಮಾತು ಬೇರೆ. ಅವರು ವಿಮಾನದ ಕಾರ್ಡನ್ನೇ ನೋಡತಕ್ಕದ್ದು. ಅವರು ಇನ್ನೊಂದನ್ನೂ ವಿಚಾರಿಸಬೇಕು: ಪರದೇಶದ ನಾಣ್ಯದಲ್ಲಿ ಖರ್ಚು ಮಾಡಿದರೆ ಅನೇಕ ಕಾರ್ಡುಗಳು ನೂರಕ್ಕೆ ಎರಡರಿಂದ ಮೂರೂವರೆ ರೂಪಾಯಿಯವರೆಗೆ ಹೆಚ್ಚಾಗಿ ಹಿಡಿಯುತ್ತವೆ. ಒಂದು ರೂಪಾಯಿಯ ಪಾಯಿಂಟು ಕೊಟ್ಟು ಮೂರು ರೂಪಾಯಿ ಹಿಡಿಯುವ ವ್ಯಾಪಾರದಲ್ಲಿ ಲಾಭ ಯಾರದೆಂದು ಹೇಳಬೇಕಾದುದಿಲ್ಲ.

ಎರಡನೆಯದಾಗಿ, ಪಾಯಿಂಟಿನ ಸಂಖ್ಯೆಗೆ ಮರುಳಾಗಬಾರದು. ಒಂದು ಪಾಯಿಂಟಿಗೆ ಎಷ್ಟು ಕಾಸು ಎಂದು ಕೇಳಬೇಕು. ಹತ್ತು ಸಾವಿರ ಪಾಯಿಂಟು ಬಂದಿತೆಂದು ಹಿಗ್ಗುವವನ ಪಾಯಿಂಟಿಗೆ ಇಪ್ಪತ್ತೈದು ಪೈಸೆ ಬೆಲೆಯಾದರೆ ಅವನ ಕೈಗೆ ಬರುವುದು ೨,೫೦೦ ರೂಪಾಯಿ. ಮೂರು ಸಾವಿರ ಪಾಯಿಂಟಿನವನಿಗೆ ಪಾಯಿಂಟೊಂದಕ್ಕೆ ಒಂದು ರೂಪಾಯಿ ಸಿಕ್ಕಿದರೆ ಅವನೇ ಹೆಚ್ಚಿನವನು. ಅದೇ ಪಾಯಿಂಟನ್ನು ಟಿಕೀಟಿಗೆ ಬಳಸಿದರೆ ಒಂದು ಬೆಲೆ, ಸಾಮಾನು ಕೊಂಡರೆ ಒಂದು ಬೆಲೆ, ನಗದಾಗಿ ತೆಗೆದುಕೊಂಡರೆ ಅದಕ್ಕಿಂತಲೂ ಕಡಮೆ ಬೆಲೆ ಎಂಬ ನಿಯಮವೂ ಕೆಲವಕ್ಕೆ ಇರುತ್ತದೆ.

ಮೂರನೆಯದಾಗಿ, ಯಾವುದಕ್ಕೆ ಪಾಯಿಂಟು ಬರುವುದಿಲ್ಲವೆಂಬ ಪಟ್ಟಿಯನ್ನು ಓದಬೇಕು. ಈ ಪಟ್ಟಿ ಯಾವಾಗಲೂ ಸಣ್ಣಕ್ಷರದಲ್ಲಿರುತ್ತದೆ. ಮನೆಯ ಬಾಡಿಗೆ, ಪೆಟ್ರೋಲು, ಸರಕಾರಕ್ಕೆ ಕಟ್ಟುವ ತೆರಿಗೆ ಇವುಗಳಿಗೆ ಬಹಳ ಕಾರ್ಡುಗಳು ಪಾಯಿಂಟು ಕೊಡುವುದಿಲ್ಲ. ವಿಮೆಯ ಕಂತಿಗೂ ವಿದ್ಯುಚ್ಛಕ್ತಿಯ ಬಿಲ್ಲಿಗೂ ಕೆಲವು ಕೊಡುವುದಿಲ್ಲ, ಕೊಟ್ಟರೂ ಮಿತಿ ಹಾಕುತ್ತವೆ. ಗೃಹಸ್ಥನ ಖರ್ಚಿನಲ್ಲಿ ಇವೇ ದೊಡ್ಡವಲ್ಲವೆ? ಪಾಯಿಂಟಿಗೆ ಆಯುಸ್ಸೂ ಉಂಟು. ಎರಡು ಮೂರು ವರ್ಷಗಳಲ್ಲಿ ಬಳಸದಿದ್ದರೆ ಅನೇಕ ಕಡೆ ಅವು ಸತ್ತುಹೋಗುತ್ತವೆ. ವಿಶ್ರಾಂತಿಗೃಹದ ಪ್ರವೇಶಕ್ಕೂ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕೆಂಬ ಷರತ್ತನ್ನು ಕೆಲವು ಬ್ಯಾಂಕುಗಳು ಹಾಕಿವೆ.

ಇಷ್ಟಾದ ಮೇಲೆ ಅತ್ತೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಹೀಗೆ ಲೆಕ್ಕ ಹಾಕಿದೆವು. ಕಾರ್ಡಿನಿಂದ ಮಾಡಬಹುದಾದ ನಮ್ಮ ಖರ್ಚು ತಿಂಗಳಿಗೆ ೨೫,೦೦೦, ವರ್ಷಕ್ಕೆ ೩,೦೦,೦೦೦. ಎಲ್ಲ ಸೇರಿ ನೂರಕ್ಕೆ ಒಂದು ರೂಪಾಯಿ ಬೆಲೆಯ ಪಾಯಿಂಟು ಬಂದರೆ ೩,೦೦೦. ಶುಲ್ಕ ೫೦೦, ತೆರಿಗೆ ೯೦, ಒಟ್ಟು ೫೯೦ ಕಳೆದರೆ ಉಳಿಯುವುದು ೨,೪೧೦. ಇದು ಒಂದು ವರ್ಷದ ಪೂರ್ತಿ ಲಾಭ. ಈಗ ಇನ್ನೊಂದು ಪಕ್ಕ. ೨೦,೦೦೦ ರೂಪಾಯಿಯನ್ನು ಮೂರು ತಿಂಗಳು ಬಾಕಿ ನಿಲ್ಲಿಸಿದರೆ ಬಡ್ಡಿ ತೆರಿಗೆ ಸೇರಿ ತಿಂಗಳಿಗೆ ೮೨೬ರಂತೆ ೨,೪೭೮. ಹನ್ನೆರಡು ತಿಂಗಳು ಎಚ್ಚರದಿಂದ ಸಂಪಾದಿಸಿದುದು ಮೂರು ತಿಂಗಳ ಉದಾಸೀನದಲ್ಲಿ ಹೋಗಿ, ಮೇಲೆ ೬೮ ರೂಪಾಯಿ ಕೈಯಿಂದ ಕೊಡಬೇಕು! ಅತ್ತೆಯು ಈ ಎರಡು ಅಂಕಿಗಳ ಕೆಳಗೆ ಗೆರೆ ಎಳೆದು, "ಹಾಗಾದರೆ ಕಾರ್ಡು ಯಾವುದು ಎಂಬುದಲ್ಲ ಮಾತು, ಕಟ್ಟುವ ದಿನ ಯಾವುದು ಎಂಬುದೇ ಮಾತು" ಎಂದರು. ನಾವು ಬ್ಯಾಂಕಿಗೆ ಅಪ್ಪಣೆ ಬರೆದುಕೊಟ್ಟು, ಪ್ರತಿ ತಿಂಗಳೂ ವಾಯಿದೆಗೆ ಮೊದಲೇ ಒಟ್ಟು ಬಾಕಿಯು ನಮ್ಮ ಖಾತೆಯಿಂದ ತಾನಾಗಿ ಸಲ್ಲುವಂತೆ ಏರ್ಪಡಿಸಿದೆವು. ಅಪ್ಪಣೆಯಲ್ಲಿ 'ಕನಿಷ್ಠ' ಎಂಬುದನ್ನು ಬಿಟ್ಟು 'ಒಟ್ಟು' ಎಂಬುದನ್ನು ಗುರುತಿಸಲು ಮರೆಯಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆಯಿತು. ಪಾಯಿಂಟುಗಳು ಸೇರಿ, ಮೂವರು ಹೋಗಿ ಬರುವ ರೈಲಿನ ದರದ ಬಹುಪಾಲು ಅದರಲ್ಲಿಯೇ ಒದಗಿತು. ಮಾಘಮಾಸದ ಒಂದು ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಗಾಡಿಯನ್ನು ಹತ್ತಿದೆವು. ಅತ್ತೆಗೆ ಕೆಳಗಿನ ಮಲಗುವ ಜಾಗ ಸಿಕ್ಕಿತ್ತು. ದೀಪ ಆರಿಸುವ ಮೊದಲು ಅವರು ಮೆಲ್ಲನೆ, "ಮಗು, ಈ ಟಿಕೀಟು ಸಾಲದ್ದೋ ನಮ್ಮದೋ? ಸಾಲದಲ್ಲಿ ಯಾತ್ರೆ ಮಾಡಿದರೆ ಪುಣ್ಯವೆಲ್ಲ ಸಾಲ ಕೊಟ್ಟವನಿಗೇ ಸೇರುತ್ತದೆಂದು ನಮ್ಮ ತಾಯಿ ಹೇಳುತ್ತಿದ್ದರು" ಎಂದು ಕೇಳಿದರು. "ನಮ್ಮದೇ ಅತ್ತೆ. ಒಂದು ಕಾಸೂ ಬಾಕಿಯಿಲ್ಲ" ಎಂದು ಹೇಳಿ ಆ ತಿಂಗಳ ಬಿಲ್ಲನ್ನು ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಅದನ್ನು ಓದಿದ ಮೇಲೆಯೇ ಮಲಗಿದರು.

ಬೆಳಗಾಗುವಾಗ ಹೊಸಪೇಟೆ. ೨೦೨೧ರಿಂದ ಇದು ವಿಜಯನಗರ ಜಿಲ್ಲೆಯ ಮುಖ್ಯಪಟ್ಟಣ. ಇಲ್ಲಿಂದ ಹಂಪೆಗೆ ಹದಿಮೂರು ಕಿಲೋಮೀಟರು. ದಾರಿಯುದ್ದಕ್ಕೂ ಬಾಳೆಯ ತೋಟ, ಕಬ್ಬಿನ ಗದ್ದೆ. ಅವುಗಳ ಹಿಂದೆ, ಯಾರೋ ರಾಕ್ಷಸಬಾಲಕರು ಆಟವಾಡಿ ಬಿಟ್ಟು ಹೋದಂತೆ ಒಂದರ ಮೇಲೊಂದು ಕುಳಿತ ದೊಡ್ಡ ದೊಡ್ಡ ಬಂಡೆಗಳು. ವಿಜಯನಗರದ ಅರಸರು ತೋಡಿಸಿದ ತುರ್ತ ಕಾಲುವೆಯ ನೀರು ಇಂದಿಗೂ ಆ ಗದ್ದೆಗಳಿಗೆ ಹರಿಯುತ್ತದೆ. ಅರಮನೆಗಳು ಬಿದ್ದುವು, ಕಾಲುವೆ ಉಳಿಯಿತು.

ವಿರೂಪಾಕ್ಷನ ಗೋಪುರವು ದೂರದಿಂದಲೇ ಕಾಣಿಸಿತು. ಸುಮಾರು ಐವತ್ತು ಮೀಟರು ಎತ್ತರ. ಅತ್ತೆ ಆಟೋದಲ್ಲಿಯೇ ಕೈಮುಗಿದರು. ೧೫೬೫ರ ರಕ್ಕಸ-ತಂಗಡಿಯ ಯುದ್ಧದ ಅನಂತರ ಆ ಮಹಾನಗರವೆಲ್ಲ ಹಾಳಾದರೂ ಈ ಒಂದು ಗುಡಿಯಲ್ಲಿ ಪೂಜೆ ನಡೆದುಕೊಂಡೇ ಬಂದಿದೆ. ಒಳಗಿನ ರಂಗಮಂಟಪವು ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಸಂದರ್ಭದಲ್ಲಿ ಕಟ್ಟಿಸಿದುದೆಂದು ೧೫೧೦ರ ಶಾಸನ ಹೇಳುತ್ತದೆ. ದೇವಸ್ಥಾನದ ಹಿಂಬದಿಯ ಕತ್ತಲೆಯ ಕೋಣೆಯೊಂದರಲ್ಲಿ ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಪುರವನ್ನು ತಲೆಕೆಳಗಾಗಿ ಗೋಡೆಯ ಮೇಲೆ ಮೂಡಿಸುತ್ತದೆ. ಅದನ್ನು ನೋಡಿ ನಮ್ಮ ಮನೆಯವರು, "ಆ ಕನಿಷ್ಠ ಮೊತ್ತದ ಬಿಲ್ಲೂ ಹೀಗೆಯೇ ಇತ್ತಲ್ಲವೆ? ದೊಡ್ಡದು ಚಿಕ್ಕದಾಗಿ, ಮೇಲಿನದು ಕೆಳಗಾಗಿ" ಎಂದು ನಕ್ಕರು. ನಾವು ಉತ್ತರ ಕೊಡಲಿಲ್ಲ.

ಗುಡಿಯ ಮುಂದೆ ಪೂರ್ವಕ್ಕೆ ಮುಕ್ಕಾಲು ಕಿಲೋಮೀಟರಿಗೆ ಸಮೀಪವಾಗಿ ಹಂಪೆಯ ಬಜಾರು ಚಾಚಿಕೊಂಡಿದೆ. ಎರಡು ಸಾಲು ಕಲ್ಲಿನ ಮಂಟಪಗಳು. ಕೊನೆಯಲ್ಲಿ ಒಂದೇ ಕಲ್ಲಿನ ನಂದಿ. ಈ ಮಂಟಪಗಳಲ್ಲಿ ಅಂಗಡಿಯಿಟ್ಟು ವಾಸವಾಗಿದ್ದವರನ್ನು ೨೦೧೧ರಲ್ಲಿ ತೆರವುಗೊಳಿಸಿದರು. ಈಗ ಬೀದಿ ಬರಿದಾಗಿದೆ. ೧೪೪೩ರಲ್ಲಿ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಈ ಪಟ್ಟಣಕ್ಕೆ ಬಂದು ಇಲ್ಲಿನ ನಾಣ್ಯಗಳನ್ನು ವಿವರವಾಗಿ ಬರೆದಿಟ್ಟನು: ಚಿನ್ನದ ವರಾಹ, ಅದರರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ. ೧೫೨೦ರ ಸುಮಾರಿಗೆ ಬಂದ ಪೋರ್ತುಗೀಸರ ಪೇಸನು ಇಲ್ಲಿಯ ಬೀದಿಗಳಲ್ಲಿ ಮಾಣಿಕ್ಯ, ವಜ್ರ, ಮುತ್ತುಗಳು ಮಾರಾಟವಾಗುವುದನ್ನು ಕಂಡನು. ಚಿನ್ನದ ಗಂಟನ್ನು ಹೊತ್ತು ಕಾಡುದಾರಿಯಲ್ಲಿ ನಡೆಯಲಾಗದೆ ನಮ್ಮ ದೇಶದ ವರ್ತಕರು ಹಿಂದಿನಿಂದಲೂ ಹುಂಡಿಯ ಕಾಗದವನ್ನು ಬಳಸುತ್ತಿದ್ದರು. ಒಂದೂರಿನಲ್ಲಿ ಹಣ ಕಟ್ಟಿ, ಇನ್ನೊಂದೂರಿನಲ್ಲಿ ಕಾಗದ ತೋರಿಸಿ ಪಡೆಯುವುದು. ಇದರಲ್ಲಿ ಬೆಲೆಯಿದ್ದುದು ಕಾಗದಕ್ಕಲ್ಲ, ನಂಬಿಕೆಗೆ.

ಈ ಕಾಲದ ಕಾರ್ಡೂ ಆ ನಂಬಿಕೆಯ ಮರಿಮಗನೇ. ೧೯೫೦ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಎಂಬುದು ಹೋಟೆಲುಗಳಲ್ಲಿ ಉಂಡು, ತಿಂಗಳ ಕೊನೆಯಲ್ಲಿ ಒಟ್ಟಿಗೆ ಹಣ ತೆರುವ ಏರ್ಪಾಟನ್ನು ತಂದಿತು. ೧೯೮೦ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಮೂಲಕ ಕ್ರೆಡಿಟ್ ಕಾರ್ಡು ನಮ್ಮ ದೇಶಕ್ಕೆ ಬಂದಿತು. ೧೯೮೧ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಂಬ ವಿಮಾನಸಂಸ್ಥೆ, ಹೆಚ್ಚು ಮೈಲಿ ಹಾರಿದವರಿಗೆ ಬಹುಮಾನವಾಗಿ ಟಿಕೀಟು ಕೊಡುವ ಪದ್ಧತಿಯನ್ನು ಆರಂಭಿಸಿತು. ೧೯೮೭ರಲ್ಲಿ ಸಿಟಿಬ್ಯಾಂಕಿನೊಡನೆ ಸೇರಿ, ಹಾರದಿದ್ದರೂ ಕಾರ್ಡಿನಿಂದ ಕೊಂಡವರಿಗೆಲ್ಲ ಮೈಲಿಗಳನ್ನು ಕೊಡತೊಡಗಿತು. ಆ ಬೀಜ ಈಗ ನಮ್ಮ ಊರಿನ ಅಂಗಡಿಯ ಬಾಗಿಲವರೆಗೂ ಬಳ್ಳಿಯಾಗಿ ಹಬ್ಬಿದೆ.

ಬಜಾರಿನ ಮೂಲೆಯಲ್ಲಿ ಎಳನೀರು ಮಾರುವ ಹೆಂಗಸಿನ ಬಳಿ ನಿಂತೆವು. ನಮ್ಮ ಕಾರ್ಡಿನಿಂದ ಅವಳಿಗೇನು ಉಪಯೋಗ? ಅವಳ ಗಾಡಿಯ ಮೇಲೆ ಯು.ಪಿ.ಐ.ಯ ಚೌಕದ ಗುರುತಿನ ಹಾಳೆ ಅಂಟಿಸಿತ್ತು. ೨೦೨೨ರಿಂದ ರೂಪೇ ಕ್ರೆಡಿಟ್ ಕಾರ್ಡನ್ನು ಯು.ಪಿ.ಐ.ಗೆ ಜೋಡಿಸಿ ವರ್ತಕರ ಇಂಥ ಗುರುತಿಗೆ ಹಣ ಸಲ್ಲಿಸಲು ಅವಕಾಶವಾಗಿದೆ. ಆದರೆ ಒಬ್ಬ ವ್ಯಕ್ತಿಯ ಸ್ವಂತ ಖಾತೆಗೆ ಹಾಗೆ ಕಳುಹಿಸುವಂತಿಲ್ಲ. ಅವಳದು ಸ್ವಂತ ಖಾತೆ. ನೋಟನ್ನೇ ಕೊಟ್ಟೆವು. ಯಾತ್ರೆಗೆ ಹೊರಟವರು ಕಾರ್ಡೊಂದನ್ನೇ ನಂಬದೆ ಚಿಲ್ಲರೆಯನ್ನೂ ಗಂಟಿನಲ್ಲಿ ಕಟ್ಟಿಕೊಂಡು ಹೋಗತಕ್ಕದ್ದು. ಹರಿಗೋಲಿನವನಿಗೂ, ಹೂವು ಮಾರುವವಳಿಗೂ, ದೇವರ ಹುಂಡಿಗೂ ನಮಗೆ ಅದೇ ಆಯಿತು.

ಅಲ್ಲಿಂದ ಹೇಮಕೂಟವನ್ನು ಬಳಸಿ, ಸಾಸಿವೆಕಾಳು ಕಡಲೆಕಾಳು ಗಣೇಶರಿಗೆ ವಂದಿಸಿ, ಉದಯಗಿರಿಯ ವಿಜಯದ ನೆನಪಿಗೆ ರಾಯನು ಕಟ್ಟಿಸಿದ ಕೃಷ್ಣನ ಗುಡಿಯನ್ನು ನೋಡಿ ಮುಂದೆ ಬಂದರೆ, ಎರಡು ವಿಗ್ರಹಗಳು ಅಕ್ಕಪಕ್ಕದಲ್ಲಿವೆ. ಒಂದು ೧೫೨೮ರಲ್ಲಿ ರಾಯನು ಕಡೆಯಿಸಿದ ಉಗ್ರನರಸಿಂಹ; ಆರೂಮುಕ್ಕಾಲು ಮೀಟರಿಗೆ ಸಮೀಪದ ಎತ್ತರ; ಕೈಕಾಲು ಮುರಿದಿದ್ದರೂ ದೃಷ್ಟಿಯ ತೇಜಸ್ಸು ಕುಂದಿಲ್ಲ. ಇನ್ನೊಂದು ಪಕ್ಕದ ಸಣ್ಣ ಗುಡಿಯೊಳಗೆ ನೀರಿನಲ್ಲಿ ನಿಂತಿರುವ ದೊಡ್ಡ ಶಿವಲಿಂಗ. ಇದಕ್ಕೆ ಬಡವಿಲಿಂಗವೆಂದು ಹೆಸರು. ಬಡವಿಯೊಬ್ಬಳು ಮಾಡಿಸಿದಳೆಂದು ಪ್ರತೀತಿ. ರಾಯನ ವಿಗ್ರಹವನ್ನು ಮುರಿದವರು ಬಡವಿಯ ಲಿಂಗದ ಗೊಡವೆಗೆ ಹೋದಂತಿಲ್ಲ. ಅತ್ತೆ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತುದು ಇಲ್ಲಿ. "ಇವಳು ಯಾರ ಬಳಿಯೂ ಸಾಲ ಮಾಡಿರಲಾರಳು" ಎಂದರು.

ಮಧ್ಯಾಹ್ನ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡು, ಇಳಿಹೊತ್ತಿನಲ್ಲಿ ವಿಠ್ಠಲನ ಗುಡಿಗೆ ಹೋದೆವು. ಗಾಡಿಗಳನ್ನು ದೂರದಲ್ಲಿಯೇ ನಿಲ್ಲಿಸುತ್ತಾರೆ. ಅಲ್ಲಿಂದ ವಿದ್ಯುತ್ತಿನ ಪುಟ್ಟ ಬಂಡಿಗಳು ಹಳೆಯ ವಿಠ್ಠಲ ಬಜಾರಿನ ಮಂಟಪಗಳ ಪಕ್ಕದಲ್ಲಿ ಯಾತ್ರಿಕರನ್ನು ಕರೆದೊಯ್ಯುತ್ತವೆ. ಪ್ರಾಕಾರದೊಳಗೆ ಕಾಲಿಟ್ಟೊಡನೆ ಎದುರಿಗೆ ಕಲ್ಲಿನ ರಥ. ನೋಡುವುದಕ್ಕೆ ಒಂದೇ ಕಲ್ಲಿನಂತೆ ತೋರಿದರೂ ಇದು ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿದ ಗರುಡನ ಗುಡಿ. ಈಗ ಮುಂದೆ ನಿಂತಿರುವ ಆನೆಗಳು ಮೊದಲಿನವಲ್ಲ. ಅಲ್ಲಿ ಕುದುರೆಗಳಿದ್ದುವೆಂಬುದಕ್ಕೆ ಅವುಗಳ ಹಿಂಗಾಲು ಬಾಲಗಳ ಗುರುತು ಹಿಂದೆ ಉಳಿದಿದೆ. ಮಹಾಮಂಟಪದ ನಾದದ ಕಂಬಗಳನ್ನು ಈಗ ಮುಟ್ಟಗೊಡುವುದಿಲ್ಲ, ಅದು ಸರಿಯೇ.

ಅತ್ತೆ ತಮ್ಮ ಬಟ್ಟೆಯ ಚೀಲದಿಂದ ನೀಲಿಯ ೫೦ ರೂಪಾಯಿನ ನೋಟೊಂದನ್ನು ತೆಗೆದರು. ೨೦೧೭ರಿಂದ ಬಂದ ಈ ನೋಟಿನ ಹಿಂಬದಿಯಲ್ಲಿ ಇದೇ ರಥದ ಚಿತ್ರವಿದೆ. ನೋಟನ್ನು ಕೈಚಾಚಿ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ರಥವನ್ನೂ ನೋಡಿ, ಚಕ್ರದ ಸುತ್ತುಗಳನ್ನು ಎಣಿಸಿ, "ಸರಿಯಾಗಿದೆ" ಎಂದು ಲೆಕ್ಕ ತಾಳೆ ನೋಡಿದವರಂತೆ ಮತ್ತೆ ಮಡಿಚಿಟ್ಟರು. ಎಷ್ಟೋ ವರ್ಷಗಳಿಂದ ತರಕಾರಿಯವನಿಗೆ ಕೊಡುತ್ತಿದ್ದ ಕಾಗದದ ಚಿತ್ರ ಕಣ್ಣೆದುರಿಗೆ ಕಲ್ಲಾಗಿ ನಿಂತಾಗ ಅವರ ಮುಖದಲ್ಲಿ ಕಂಡ ಸಂತೋಷವನ್ನು ಯಾವ ಪಾಯಿಂಟಿನಿಂದ ಅಳೆಯಬೇಕು?

ಗುಡಿಯಿಂದ ನದಿಯ ಕಡೆಗೆ ಹೋಗುವ ಹಾದಿಯಲ್ಲಿ ಎರಡು ಎತ್ತರದ ಕಂಬಗಳ ಮೇಲೆ ಒಂದು ಕಲ್ಲಿನ ತೊಲೆ ನಿಂತಿದೆ. ಅದೇ ಅರಸನ ತಕ್ಕಡಿ. ಪರ್ವದಿನಗಳಲ್ಲಿ ಅರಸನು ಇಲ್ಲಿ ತನ್ನ ಭಾರಕ್ಕೆ ಸಮನಾಗಿ ಚಿನ್ನ ರತ್ನಗಳನ್ನು ತೂಗಿಸಿ ದಾನ ಮಾಡುತ್ತಿದ್ದನೆಂದು ಹೇಳುತ್ತಾರೆ. ಕಂಬದ ಬುಡದಲ್ಲಿ ಅರಸನನ್ನೂ ಇಬ್ಬರು ರಾಣಿಯರನ್ನೂ ಕೆತ್ತಿದ್ದಾರೆ. ನಾವು ಮನೆಯ ಮೇಜಿನ ಮುಂದೆ ತೂಗಿದ ಚಿಕ್ಕ ತಕ್ಕಡಿ ನೆನಪಾಯಿತು. ಅರಸನ ತಕ್ಕಡಿಯಲ್ಲಿ ಒಂದು ತಟ್ಟೆಗೆ ಅರಸ, ಇನ್ನೊಂದಕ್ಕೆ ಚಿನ್ನ. ಗೃಹಸ್ಥನ ತಕ್ಕಡಿಯಲ್ಲಿ ಒಂದು ತಟ್ಟೆಗೆ ಪಾಯಿಂಟು, ಇನ್ನೊಂದಕ್ಕೆ ಅವನ ನಡತೆ. ಎರಡನೆಯ ತಟ್ಟೆ ಹಗುರವಾದರೆ ಮೊದಲನೆಯದರಲ್ಲಿ ಏನಿದ್ದರೂ ನೆಲಕ್ಕೆ ಚೆಲ್ಲುತ್ತದೆ.

ಸ್ವಲ್ಪ ಕೆಳಗಿಳಿದರೆ ತುಂಗಭದ್ರೆಯ ಅಂಚಿನಲ್ಲಿಯೇ ಪುರಂದರ ಮಂಟಪ. ಹೊಳೆ ತುಂಬಿ ಬಂದಾಗ ಇದು ಮುಳುಗುತ್ತದೆ. ಆಗ ನೀರು ತೆಳುವಾಗಿ ಹರಿಯುತ್ತಿದ್ದುದರಿಂದ ಅತ್ತೆಯನ್ನು ಕೈಹಿಡಿದು ಇಳಿಸಿ ಕುಳ್ಳಿರಿಸಿದೆವು. ದಾಸರ ಪೂರ್ವಾಶ್ರಮದ ಕಥೆ ಎಲ್ಲರಿಗೂ ತಿಳಿದುದೇ: ಶ್ರೀನಿವಾಸನಾಯಕನೆಂಬ ಚಿನಿವಾರ, ಒತ್ತೆಯಿಟ್ಟುಕೊಂಡು ಸಾಲ ಕೊಡುವ ನವಕೋಟಿನಾರಾಯಣ, ಹೆಂಡತಿ ದಾನ ಮಾಡಿದ ಒಂದು ಮೂಗುತಿಯಿಂದ ಕಣ್ಣು ತೆರೆದು ಸರ್ವಸ್ವವನ್ನೂ ಬಿಟ್ಟವರು. ಬಡ್ಡಿಯ ಲೆಕ್ಕದಿಂದ ಬಿಡಿಸಿಕೊಂಡವರ ಮಂಟಪದಲ್ಲಿ ಕುಳಿತು ಅತ್ತೆ ಕೇಳಿದ ಪ್ರಶ್ನೆ ಇದು:

"ಬ್ಯಾಂಕಿನವರೇನು ಧರ್ಮಛತ್ರ ಇಟ್ಟಿಲ್ಲ. ನಮಗೆ ಕೊಟ್ಟ ಟಿಕೀಟಿನ ಹಣವನ್ನು ಯಾರು ಕೊಟ್ಟರು ಮಗು?"

ನಿಜವನ್ನೇ ಹೇಳಬೇಕಾಯಿತು. ಕಾರ್ಡಿನಿಂದ ಕೊಂಡಾಗಲೆಲ್ಲ ಅಂಗಡಿಯವನು ತನ್ನ ಬೆಲೆಯಲ್ಲಿ ನೂರಕ್ಕೆ ಸುಮಾರು ಎರಡು ರೂಪಾಯಿನಷ್ಟನ್ನು ಬ್ಯಾಂಕಿಗೂ ಕಾರ್ಡಿನ ಸಂಸ್ಥೆಗೂ ಬಿಟ್ಟುಕೊಡುತ್ತಾನೆ. ಅದರಲ್ಲಿ ಒಂದು ಪಾಲು ಪಾಯಿಂಟಾಗಿ ನಮಗೆ ಬರುತ್ತದೆ. ಅಷ್ಟೇ ಅಲ್ಲ, ವಾಯಿದೆಗೆ ಪೂರ್ತಿ ಕಟ್ಟಲಾರದೆ ತಿಂಗಳು ತಿಂಗಳೂ ಬಡ್ಡಿ ತೆರುವವರಿಂದ ಬ್ಯಾಂಕಿಗೆ ದೊಡ್ಡ ಆದಾಯ. ಪೂರ್ತಿ ಕಟ್ಟುವವನ ಸುಖಪ್ರಯಾಣಕ್ಕೆ ಅರೆ ಕಟ್ಟುವವನ ಬಡ್ಡಿಯೂ ಸೇರಿರುತ್ತದೆ ಎಂದೆವು.

ಅತ್ತೆ ಬಹಳ ಹೊತ್ತು ಹೊಳೆಯನ್ನೇ ನೋಡುತ್ತ ಕುಳಿತಿದ್ದರು. ಆಚೆಯ ದಡದ ಬಂಡೆಗಳ ಮೇಲೆ ಬಿಸಿಲು ಕೆಂಪಗಾಗುತ್ತಿತ್ತು. ಆಮೇಲೆ, "ಹಾಗಾದರೆ ಆ ವರ್ಷ ನೀನು ಕಟ್ಟಿದ ಬಡ್ಡಿಯಲ್ಲಿ ಯಾವಳೋ ಒಬ್ಬ ಮುದುಕಿ ಎಲ್ಲಿಗೋ ಯಾತ್ರೆ ಹೋಗಿ ಬಂದಿರಬೇಕು. ಹೋಗಲಿ; ಅವಳಿಗೆ ಒಳ್ಳೆಯದಾಗಲಿ. ಈ ಸಲ ನಮ್ಮದಕ್ಕೆ ಕಟ್ಟಿದವರ ಸಾಲವೂ ಬೇಗ ತೀರಲಿ" ಎಂದು ಕೈಮುಗಿದರು. ಮೂರು ವರ್ಷ ನಮ್ಮ ಎದೆಯಲ್ಲಿ ಮುಳ್ಳಾಗಿ ನಿಂತಿದ್ದುದು ಅಂದು ಕಳಚಿತು.

ಮರುದಿನ ಅರಮನೆಯ ಆವರಣದಲ್ಲಿ ಮಹಾನವಮಿ ದಿಬ್ಬ, ಹಜಾರರಾಮನ ಗುಡಿ, ಕಮಲಮಹಲು, ಹನ್ನೊಂದು ಕೋಣೆಗಳ ಗಜಶಾಲೆ ಇವುಗಳನ್ನು ನೋಡಿದೆವು. ಅವುಗಳ ವರ್ಣನೆ ಅನೇಕ ಪುಸ್ತಕಗಳಲ್ಲಿ ಇರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಆ ರಾತ್ರಿಯ ಗಾಡಿಯಲ್ಲಿ ಹೊರಟು ಬೆಳಿಗ್ಗೆ ಮನೆ ಸೇರಿದೆವು.

ಹಂಪೆಯಲ್ಲಿ ವಸತಿಗೃಹಕ್ಕೆ ಕಾರ್ಡಿನಿಂದ ಕೊಟ್ಟ ಹಣದ ಬಿಲ್ಲು ಹದಿನೈದು ದಿನಗಳ ಮೇಲೆ ಬಂದಿತು. ವಾಯಿದೆಗೆ ಮೂರು ದಿನ ಮೊದಲೇ ಅದು ತಾನಾಗಿ ಸಂದಿತು. ಸಂದಿತೆಂಬ ಸುದ್ದಿಯನ್ನು ಅತ್ತೆಗೆ ಓದಿ ಹೇಳಿದಾಗ ಅವರು ಪುಸ್ತಕ ತೆಗೆದು, ಆ ದಿನದ ಹಾಲು, ಸೊಪ್ಪು, ಊದಿನಕಡ್ಡಿಗಳ ಕೆಳಗೆ, 'ಹಂಪೆ ಯಾತ್ರೆ: ಬಾಕಿ ಇಲ್ಲ' ಎಂದು ಬರೆದರು.

ಕಾರ್ಡನ್ನು ತೆಗೆದುಕೊಳ್ಳಬೇಕೆಂದಿರುವ ವಾಚಕರಿಗೆ ನಾವು ಹೇಳುವುದು ಇಷ್ಟೇ. ಮೊದಲು ನಿಮ್ಮ ಮನೆಯ ಲೆಕ್ಕದ ಪುಸ್ತಕವನ್ನು ಓದಿರಿ. ಆಮೇಲೆ ಬ್ಯಾಂಕಿನ ಹಾಳೆಯನ್ನು ಓದಿರಿ. ನೀವು ಹೋಗುವ ದಾರಿಗೆ ಹೊಂದುವ ಕಾರ್ಡನ್ನು ಆರಿಸಿರಿ. ಕಾರ್ಡು ತೋರಿಸಿದ ದಾರಿಗೆ ಹೋಗಬೇಡಿರಿ. ಪಾಯಿಂಟಿನ ಆಸೆಗಾಗಿ ಬೇಡದ ಪದಾರ್ಥವನ್ನು ಕೊಳ್ಳಬೇಡಿರಿ. ತಿಂಗಳಿಗೊಮ್ಮೆ ಪೂರ್ತಿ ಕಟ್ಟುವ ಶಕ್ತಿ ಮತ್ತು ಅಭ್ಯಾಸ ಇಲ್ಲದವರು ಆ ಹಣವನ್ನು ಅಂಚೆಯ ಉಳಿತಾಯಖಾತೆಯಲ್ಲಿಟ್ಟು ನಿಧಾನವಾಗಿ ಹೋದರೂ ಹಂಪೆ ಅಲ್ಲಿಯೇ ಇರುತ್ತದೆ. ಆದರೆ ಮನೆಯಲ್ಲಿ ವಯಸ್ಸಾದವರಿದ್ದರೆ ಬಹಳ ನಿಧಾನ ಮಾಡಬೇಡಿರಿ.